ಭ್ರೂಣದ ಕೋಶಕ್ಕೆ ಯಾರ ಕಾಸು?

2001ರ ಆಗಸ್ಟ್ 27ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಸರ್ಕಾರಿ ಹಣಕ್ಕೆ ಅರ್ಹವಾದ ಭ್ರೂಣದ ಸ್ಟೆಮ್ ಸೆಲ್‌ಗಳ ಒಂದು ಪಟ್ಟಿ ಹೊರಡಿಸಿತು. ಹತ್ತು ಲ್ಯಾಬುಗಳು, ಒಟ್ಟು 64 'ಲೈನ್'ಗಳು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ್ದು 19. ಇಸ್ರೇಲಿನ ಟೆಕ್ನಿಯನ್‌ನದು 4. ಮುಂಬೈಯ ರಿಲಯನ್ಸ್ ಲೈಫ್ ಸೈನ್ಸಸ್‌ನದು 7. ಅವುಗಳ ನಡುವೆ ಬೆಂಗಳೂರಿನದೂ ಒಂದು ಹೆಸರಿತ್ತು: ನ್ಯಾಷನಲ್ ಸೆಂಟರ್ ಫಾರ್ ಬಯಲಾಜಿಕಲ್ ಸೈನ್ಸಸ್, 3. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿದೆಯಲ್ಲ, ಅದೇ ಎನ್‌ಸಿಬಿಎಸ್.

ವಾಷಿಂಗ್ಟನ್ನಿನ ಜಗಳಕ್ಕೂ ಹೆಬ್ಬಾಳದಾಚೆಯ ಲ್ಯಾಬಿಗೂ ಎಲ್ಲಿಂದೆಲ್ಲಿಯ ಸಂಬಂಧ? ಸಂಬಂಧ ಬಂದದ್ದು ದುಡ್ಡಿನ ದಾರಿಯಲ್ಲಿ. ಭ್ರೂಣದ ಸ್ಟೆಮ್ ಸೆಲ್ ಅಂದಾಕ್ಷಣ 'ಅಮೆರಿಕದಲ್ಲಿ ಅದನ್ನು ಬ್ಯಾನ್ ಮಾಡಿದ್ರಂತಲ್ಲ' ಅನ್ನುವವರು ನಮ್ಮಲ್ಲಿ ಜಾಸ್ತಿ. ಅಲ್ಲಿನ ಕೇಂದ್ರ ಸರ್ಕಾರ ಅದನ್ನು ಯಾವತ್ತೂ ಬ್ಯಾನ್ ಮಾಡಲಿಲ್ಲ. ಸ್ವಂತ ಹಣವಿದ್ದವರು ಆಗಲೂ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ತಕರಾರು ಇದ್ದದ್ದು ತೆರಿಗೆ ಹಣದ ಬಗ್ಗೆ ಮಾತ್ರ. ಸಣ್ಣ ವಿಷಯ ಅನಿಸಬಹುದು. ಆಮೇಲಿನ ಗೋಜಲೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಮೊದಲು ಆ ಕೋಶ ಏನು ಅಂತ ನೋಡೋಣ. ಐವಿಎಫ್ ಕ್ಲಿನಿಕ್ಕಿನಲ್ಲಿ ಅಂಡಾಣು, ವೀರ್ಯಾಣು ಸೇರಿಸಿದ ಐದನೆಯ ದಿನಕ್ಕೆ ತಟ್ಟೆಯಲ್ಲಿ ಇರುವುದು ನೂರು-ನೂರೈವತ್ತು ಕೋಶಗಳ ಒಂದು ಗುಳ್ಳೆ. ರಾಗಿ ಕಾಳಿನ ಅಗಲದಲ್ಲಿ ಅಂಥ ಏಳೆಂಟು ಗುಳ್ಳೆಗಳು ಸಾಲಾಗಿ ಕೂರಬಹುದು. ಹೊರಗಿನ ಪದರ ಮುಂದೆ ಮಾಸು ಆಗುತ್ತದೆ. ಒಳಗೆ ಒಂದು ಕಡೆ ಅಂಟಿಕೊಂಡಿರುವ ಗೊಂಚಲು ಮಗು ಆಗುತ್ತದೆ. ಆ ಗೊಂಚಲಿನ ಕೋಶಗಳಿಗೆ ಯಾರಿಗೂ ಇನ್ನೂ ಇಂಥದ್ದೇ ಕೆಲಸ ಅಂತ ಹಂಚಿಕೆ ಆಗಿರುವುದಿಲ್ಲ. ಹೃದಯವೂ ಆಗಬಲ್ಲವು, ನರವೂ ಆಗಬಲ್ಲವು. ಅವನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿದರೆ ಅದು ಭ್ರೂಣದ ಸ್ಟೆಮ್ ಸೆಲ್. ತೆಗೆದ ಮೇಲೆ ಭ್ರೂಣ ಉಳಿಯುವುದಿಲ್ಲ.

(ಹೆರಿಗೆ ಹತ್ತಿರ ಬಂದಾಗ ಹೊಕ್ಕುಳಬಳ್ಳಿಯ ರಕ್ತ ಕೂಡಿಡಿ ಎಂದು ಏಜೆಂಟರು ಬರುತ್ತಾರಲ್ಲ, ಆ ಸ್ಟೆಮ್ ಸೆಲ್ ಬೇರೆ. ಅದು ರಕ್ತಕ್ಕೆ ಸಂಬಂಧಪಟ್ಟದ್ದು. ಅದಕ್ಕೆ ಯಾರ ಜೀವವೂ ಹೋಗುವುದಿಲ್ಲ, ಅಪ್ಪ-ಅಮ್ಮನ ದುಡ್ಡು ಮಾತ್ರ ಹೋಗುತ್ತದೆ.)

ಇನ್ನು 'ಲೈನ್'. ಮೊಸರಿನ ಹೆಪ್ಪು ನೆನೆಸಿಕೊಳ್ಳಿ. ಪಕ್ಕದ ಮನೆಯಿಂದ ಒಂದು ಚಮಚ ತಂದರೆ ಆಯಿತು. ಇವತ್ತಿನ ಮೊಸರಿನಿಂದ ನಾಳೆಯದು, ನಾಳೆಯದರಿಂದ ನಾಡಿದ್ದಿನದು. ಮಗಳು ಬೇರೆ ಊರಿಗೆ ಹೋಗುವಾಗ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಬಹುದು. ಸ್ಟೆಮ್ ಸೆಲ್ ಲೈನ್ ಕೂಡ ಹಾಗೆಯೇ. ಒಂದು ಭ್ರೂಣದಿಂದ ಒಮ್ಮೆ ತೆಗೆದ ಕೋಶಗಳು ಒಡೆದು ಒಡೆದು ಬೆಳೆಯುತ್ತಲೇ ಇರುತ್ತವೆ. ಫ್ರೀಜ್ ಮಾಡಿ ಇನ್ನೊಂದು ದೇಶದ ಲ್ಯಾಬಿಗೂ ಕಳಿಸಬಹುದು. ಹಾಗಾದರೆ ಹೆಪ್ಪು ಮೊದಲು ಹಾಕಿದವರ ಪಾಪ-ಪುಣ್ಯ ಇವತ್ತು ಮೊಸರು ತಿನ್ನುವವರಿಗೂ ತಟ್ಟುತ್ತದೆಯೇ? ಅಮೆರಿಕದ ವಕೀಲರು, ಜಡ್ಜುಗಳು, ಅಧ್ಯಕ್ಷರು ಎರಡು ದಶಕ ತಲೆ ಕೆಡಿಸಿಕೊಂಡದ್ದು ಇದಕ್ಕೇ.

1996ರ ಜನವರಿಯಲ್ಲಿ ಅಲ್ಲಿನ ಬಜೆಟ್ ಮಸೂದೆಗೆ ಒಂದು ಬಾಲಂಗೋಚಿ ಅಂಟಿಕೊಂಡಿತು. ಜೇ ಡಿಕಿ, ರೋಜರ್ ವಿಕರ್ ಎಂಬ ಇಬ್ಬರು ಸಂಸದರು ತಂದ ಷರತ್ತು. ಸಂಶೋಧನೆಗಾಗಿ ಭ್ರೂಣ ತಯಾರಿಸುವುದಕ್ಕೆ, ಭ್ರೂಣ ನಾಶವಾಗುವ ಸಂಶೋಧನೆಗೆ ಕೇಂದ್ರದ ಹಣ ಕೊಡುವಂತಿಲ್ಲ. ಸಹಿ ಹಾಕಿದ್ದು ಕ್ಲಿಂಟನ್. ಆವತ್ತಿನಿಂದ ಪ್ರತಿ ವರ್ಷದ ಬಜೆಟ್ಟಿನಲ್ಲೂ ಅದು ಮತ್ತೆ ಮತ್ತೆ ಬರುತ್ತಲೇ ಇದೆ. ಯಾವ ಪಕ್ಷದ ಸರ್ಕಾರ ಬಂದರೂ ಅದನ್ನು ಕಿತ್ತು ಹಾಕಿಲ್ಲ.

ಸುಮಾರು ಮೂರು ವರ್ಷ ಕಳೆಯಿತು. 1998ರ ನವೆಂಬರಿನಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ನಿನಲ್ಲಿ ಜೇಮ್ಸ್ ಥಾಮ್ಸನ್ ಮೊದಲ ಬಾರಿಗೆ ಮನುಷ್ಯ ಭ್ರೂಣದ ಸ್ಟೆಮ್ ಸೆಲ್ ಬೇರ್ಪಡಿಸಿ ಬೆಳೆಸಿದರು. ಅದಕ್ಕೆ ಅವರು ಮಾಡಿಕೊಂಡ ಏರ್ಪಾಡು ನೋಡಿ. ವಿಶ್ವವಿದ್ಯಾಲಯದ ತಮ್ಮ ಲ್ಯಾಬಿನಲ್ಲಿ ಕೇಂದ್ರದ ಅನುದಾನದ ಉಪಕರಣಗಳಿದ್ದವು. ಅಲ್ಲಿ ಈ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಬೇರೆ ಕಡೆ ಒಂದು ಲ್ಯಾಬ್ ಮಾಡಿಕೊಂಡರು. ಹಣದಲ್ಲಿ ಜೆರಾನ್ ಎಂಬ ಖಾಸಗಿ ಕಂಪನಿಯ ಪಾಲಿತ್ತು. ಆಮೇಲಿನ ವರ್ಷಗಳಲ್ಲಿ ಇದೇ ರೂಢಿಯಾಯಿತು. ಮೈಕ್ರೋಸ್ಕೋಪ್ ಎರಡು, ಫ್ರೀಜರ್ ಎರಡು, ಲೆಕ್ಕದ ಪುಸ್ತಕ ಎರಡು. ನಮ್ಮ ಅಜ್ಜಿಯಂದಿರು ಮಡಿ ಪಾತ್ರೆ, ಮೈಲಿಗೆ ಪಾತ್ರೆ ಬೇರೆ ಬೇರೆ ಇಡುತ್ತಿದ್ದರಲ್ಲ, ಅದೇ ಶಿಸ್ತು.

1999ರ ಜನವರಿಯಲ್ಲಿ ಆರೋಗ್ಯ ಇಲಾಖೆಯ ಕಾನೂನು ಸಲಹೆಗಾರ್ತಿ ಹ್ಯಾರಿಯೆಟ್ ರಾಬ್ ಒಂದು ಅಭಿಪ್ರಾಯ ಕೊಟ್ಟರು. ಸ್ಟೆಮ್ ಸೆಲ್ ಭ್ರೂಣವಲ್ಲ, ಗರ್ಭದಲ್ಲಿಟ್ಟರೂ ಮಗುವಾಗಲಾರದು. ಆದ್ದರಿಂದ ಖಾಸಗಿ ಹಣದಲ್ಲಿ ಯಾರೋ ತೆಗೆದ ಕೋಶದ ಮೇಲೆ ಸರ್ಕಾರಿ ಹಣದಲ್ಲಿ ಸಂಶೋಧನೆ ಮಾಡಬಹುದು. ತೆಗೆಯುವುದಕ್ಕೆ ಮಾತ್ರ ಕೊಡುವಂತಿಲ್ಲ. ವಿರೋಧಿಗಳು ಇದನ್ನು ಬರೀ ಕಣ್ಕಟ್ಟು ಅಂದರು. ನಮಗೆ ಈ ವಾದ ಹೊಸದಲ್ಲ, ಅಲ್ವಾ? ರಾಮನಗರದ ಮಾರುಕಟ್ಟೆಯಿಂದ ಗೂಡು ಹೋಗಿ ಬಿಸಿನೀರಿಗೆ ಬೀಳುತ್ತದೆ, ಒಳಗಿನ ಹುಳು ಬೇಯುತ್ತದೆ. ಅದೇ ನೂಲಿನ ಸೀರೆ ಪೂಜೆಗೆ ಮಡಿ. ಬೇಯಿಸಿದವರು ಬೇರೆ, ಉಟ್ಟವರು ಬೇರೆ.

2001ರ ಆಗಸ್ಟ್ 9ರ ರಾತ್ರಿ ಅಧ್ಯಕ್ಷ ಜಾರ್ಜ್ ಬುಷ್ ಟಿವಿಯಲ್ಲಿ ಮಾತಾಡಿದ್ದು ಈ ಎಳೆ ಹಿಡಿದೇ. ಅರವತ್ತಕ್ಕೂ ಹೆಚ್ಚು ಲೈನುಗಳು ಆಗಲೇ ಇವೆ, ಆ ಭ್ರೂಣಗಳ ಬದುಕು-ಸಾವಿನ ತೀರ್ಮಾನ ಆಗಿಹೋಗಿದೆ, ಅವುಗಳ ಸಂಶೋಧನೆಗೆ ಹಣ ಕೊಡುತ್ತೇವೆ, ಹೊಸದಾಗಿ ನಾಶಮಾಡಿ ತೆಗೆದವಕ್ಕೆ ಕೊಡುವುದಿಲ್ಲ ಅಂದರು. ಗಡುವು ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಲ್ಲಿ ಆ ರಾತ್ರಿ 9 ಗಂಟೆ. ಬೆಂಗಳೂರಿನಲ್ಲಿ ಆಗ ಮರುದಿನ ಬೆಳಗಿನ ಆರೂವರೆ. ಆ ಹೊತ್ತಿಗೆ ಮೊದಲು ಭ್ರೂಣ ಒಡೆದಿದ್ದರೆ ಲೈನು ಒಳಗೆ, ಆಮೇಲಾದರೆ ಹೊರಗೆ. ಬುಷ್ ಹೇಳಿದ ಆ ಅರವತ್ತು ಎಲ್ಲಿವೆ ಎಂದು ವಿಜ್ಞಾನಿಗಳು ಕೇಳಿದಾಗ ಬಂದ ಉತ್ತರವೇ ಆಗಸ್ಟ್ 27ರ ಪಟ್ಟಿ.

ಪಟ್ಟಿ ಕೊನೆಗೆ 78ಕ್ಕೆ ಬೆಳೆಯಿತು. ಕೇಳಿದವರ ಕೈಗೆ ನಿಜವಾಗಿ ಸಿಕ್ಕಿದ್ದು ಇಪ್ಪತ್ತರ ಆಸುಪಾಸು. ಕೆಲವು ಬೆಳೆಯಲೇ ಇಲ್ಲ, ಕೆಲವು ಇನ್ನೂ ಲೈನು ಅನ್ನಿಸಿಕೊಳ್ಳುವ ಹಂತಕ್ಕೆ ಬಂದಿರಲಿಲ್ಲ. ಬೆಂಗಳೂರಿನ ಮೂರು, ಮುಂಬೈಯ ಏಳು ಆ ಸಿಕ್ಕವುಗಳ ಲೆಕ್ಕಕ್ಕೆ ಬರಲಿಲ್ಲ. ಸಿಕ್ಕವಕ್ಕೂ ಒಂದು ಐಬು. ಅವನ್ನು ಇಲಿಯ ಕೋಶಗಳ ಹಾಸಿನ ಮೇಲೆ ಬೆಳೆಸಿದ್ದರು, ಆಗ ಗೊತ್ತಿದ್ದ ವಿಧಾನ ಅದೇ. 2005ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ನೋಡಿದಾಗ, ಮನುಷ್ಯನ ಮೈಯಲ್ಲಿ ತಯಾರಾಗದ ಒಂದು ಬಗೆಯ ಸಕ್ಕರೆ ಅಣು ಆ ಕೋಶಗಳಿಗೆ ಅಂಟಿಕೊಂಡಿತ್ತು. ನಮ್ಮ ರಕ್ತ ಅದನ್ನು ಹೊರಗಿನದು ಎಂದು ಗುರುತಿಸಿ ಮೈಮೇಲೆ ಬೀಳುತ್ತದೆ. ಇಲಿ ಹಾಸಿಲ್ಲದೆ ಹೊಸದಾಗಿ ಬೆಳೆಸಿದ ಚೊಕ್ಕ ಲೈನುಗಳು ಬೇರೆಯವರ ಹತ್ತಿರ ಇದ್ದವು. ಸರ್ಕಾರಿ ಅನುದಾನದವರು ಅವನ್ನು ಮುಟ್ಟುವ ಹಾಗಿರಲಿಲ್ಲ.

ಇಲ್ಲಿ ವಿರೋಧಿಗಳ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ನಮ್ಮ ಬರಹಗಳಲ್ಲಿ ಅವರನ್ನು ಸುಮ್ನೆ ಚರ್ಚಿನ ಮಂದಿ ಅಂತ ತಳ್ಳಿಹಾಕುವುದೇ ಜಾಸ್ತಿ. ಅವರ ವಾದ ಅಷ್ಟು ಸಸಾರದ್ದಲ್ಲ. ಬೆಂಬಲಿಗರು ಹೇಳುತ್ತಿದ್ದದ್ದು ಇದು: ಐವಿಎಫ್‌ನಲ್ಲಿ ಮಿಕ್ಕ ಭ್ರೂಣಗಳು ಫ್ರೀಜರಿನಲ್ಲಿವೆ, ಹೇಗೂ ಚೆಲ್ಲುವುದೇ ತಾನೆ, ರೋಗಿಗೆ ಉಪಯೋಗವಾಗಲಿ. 2003ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಫ್ರೀಜರಿನಲ್ಲಿದ್ದ ಭ್ರೂಣಗಳು ಒಟ್ಟು ಸುಮಾರು 4 ಲಕ್ಷ, ಅವುಗಳಲ್ಲಿ ಹೆಚ್ಚಿನವನ್ನು ದಂಪತಿಗಳು ಮುಂದೆ ಮಗುವಿಗೆಂದೇ ಇಟ್ಟುಕೊಂಡಿದ್ದರು. ಅದಕ್ಕೆ ಇವರ ಉತ್ತರ: ಹೇಗೂ ಸಾಯುವವನು ಎಂಬುದು ಒಬ್ಬನ ಮೈಯನ್ನು ಬಳಸಿಕೊಳ್ಳಲು ಕಾರಣವಾಗದು. ಗಲ್ಲಿಗೆ ಹೋಗುವ ಕೈದಿಯ ಕಿಡ್ನಿಯನ್ನು ಮುಂಚಿನ ದಿನವೇ ತೆಗೆದುಕೊಳ್ಳುತ್ತೀರಾ? ಇದೂ ಬೇಡ, ಇನ್ನೂ ನೇರವಾದ ಮಾತೊಂದಿತ್ತು. ನಾನು ಕೊಲೆ ಎಂದು ನಂಬಿರುವ ಕೆಲಸಕ್ಕೆ ನನ್ನ ಸಂಬಳದಿಂದ ಕತ್ತರಿಸಿದ ತೆರಿಗೆ ಯಾಕೆ? ಖಾಸಗಿಯವರು ಮಾಡಿದರೆ ಅದು ಅವರ ಕರ್ಮ. ಸರ್ಕಾರ ಮಾಡಿದರೆ ನನ್ನ ಕೈಯೂ ಅದರಲ್ಲಿದೆ.

ಭ್ರೂಣಕ್ಕೆ ಯಾವಾಗ ಜೀವದ ಮರ್ಯಾದೆ ಬರುತ್ತದೆ ಎಂಬುದರಲ್ಲಿ ಧರ್ಮಗಳೇ ಒಮ್ಮತದಲ್ಲಿಲ್ಲ. ಕ್ಯಾಥೊಲಿಕ್ ಚರ್ಚಿಗೆ ಮೊದಲ ಗಳಿಗೆಯಿಂದ. ಯಹೂದಿಗಳ ತಾಲ್ಮುದ್ ಮೊದಲ ನಲವತ್ತು ದಿನದ ಗರ್ಭವನ್ನು ನೀರಿನ ಸಮ ಅನ್ನುತ್ತದೆ. ಅನೇಕ ಇಸ್ಲಾಮಿ ವಿದ್ವಾಂಸರು ಆತ್ಮ ಸೇರುವುದು 120 ದಿನಕ್ಕೆ ಅನ್ನುತ್ತಾರೆ. ಬುಷ್ ಅವರ ರಿಪಬ್ಲಿಕನ್ ಪಕ್ಷದೊಳಗೂ ಒಡಕಿತ್ತು. ಗರ್ಭಪಾತದ ಕಡು ವಿರೋಧಿ, ಯೂಟಾದ ಸೆನೆಟರ್ ಆರಿನ್ ಹ್ಯಾಚ್, ಫ್ರೀಜರಿನಲ್ಲಿರುವ ಭ್ರೂಣವನ್ನು ತಾಯಿಯ ಹೊಟ್ಟೆಯಲ್ಲಿ ಕೈಕಾಲು ಆಡಿಸುವ ಮಗುವಿಗೆ ಸಮ ಅನ್ನಲಾರೆ ಎಂದು ಅನುದಾನದ ಪರ ನಿಂತರು. ಅಲ್ಜೈಮರ್ಸ್‌ನಲ್ಲಿ ಗಂಡನ ನೆನಪು ಕರಗಿಹೋಗುವುದನ್ನು ನೋಡಿದ, ಮಾಜಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಪತ್ನಿ ನ್ಯಾನ್ಸಿ ರೇಗನ್ ಕೂಡ ಆ ಕಡೆಯೇ.

2006ರ ಜುಲೈಯಲ್ಲಿ ಸೆನೆಟ್ 63-37 ಮತಗಳಿಂದ ಬುಷ್ ಗೆರೆಯನ್ನು ಅಳಿಸುವ ಮಸೂದೆ ಪಾಸು ಮಾಡಿತು. ಮರುದಿನವೇ ಬುಷ್ ಅದಕ್ಕೆ ವೀಟೋ ಹಾಕಿದರು. ಅಧ್ಯಕ್ಷರಾಗಿ ಅವರ ಮೊಟ್ಟಮೊದಲ ವೀಟೋ. ಶ್ವೇತಭವನದಲ್ಲಿ ಆ ದಿನ ಅವರ ಸುತ್ತ ಪುಟ್ಟ ಮಕ್ಕಳಿದ್ದರು, ಕೆಲವರು ಅಪ್ಪ-ಅಮ್ಮನ ತೋಳಿನಲ್ಲಿ. ಇನ್ನೊಬ್ಬರ ಐವಿಎಫ್‌ನಲ್ಲಿ ಮಿಕ್ಕ ಭ್ರೂಣಗಳನ್ನು ದತ್ತು ತೆಗೆದುಕೊಂಡ ದಂಪತಿಗಳಿಗೆ ಹುಟ್ಟಿದ ಮಕ್ಕಳು. ಮಿಕ್ಕದ್ದು ಎಂದು ನೀವು ಹೇಳುವುದು ಇವರನ್ನೇ ಎಂದು ತೋರಿಸಿದಂತಾಯಿತು. ರಾಜಕೀಯದ ನಾಟಕ ನಿಜ. ಆದರೆ ಆ ಮಕ್ಕಳು ನಾಟಕದವರಲ್ಲ.

ಬೆಂಬಲಿಗರ ಕಡೆಯೂ ನಾಟಕಕ್ಕೇನು ಕಮ್ಮಿ ಇರಲಿಲ್ಲ. ಕುದುರೆಯಿಂದ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ನಟ ಕ್ರಿಸ್ಟೋಫರ್ ರೀವ್ 2004ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅದರ ಬೆನ್ನಲ್ಲೇ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಎಡ್ವರ್ಡ್ಸ್, ಜಾನ್ ಕೆರಿ ಗೆದ್ದರೆ ರೀವ್ ಅಂಥವರು ಗಾಲಿಕುರ್ಚಿಯಿಂದ ಎದ್ದು ನಡೆಯುತ್ತಾರೆ ಎಂದು ಭಾಷಣ ಮಾಡಿದರು. ಲ್ಯಾಬಿನಲ್ಲಿ ಕೂತ ಯಾರೂ ಹಾಗೆ ಹೇಳುವ ಧೈರ್ಯ ಮಾಡುತ್ತಿರಲಿಲ್ಲ. 2005ರ ಕೊನೆಗೆ ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ಕ್ಲೋನ್ ಮಾಡಿದ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದೆ ಅಂದದ್ದೇ ಸುಳ್ಳು ಎಂದು ಬಯಲಾಯಿತು. ಆಸೆ ಮಾರುವ ಭರದಲ್ಲಿ ಈ ವಿಜ್ಞಾನ ತನ್ನ ಮಾನ ತಾನೇ ಕಳೆದುಕೊಂಡಿತು.

ಕೇಂದ್ರ ಕೊಡದಿದ್ದರೆ ನಾವೇ ಕೊಡುತ್ತೇವೆ ಎಂದು ಹೊರಟದ್ದು ಕ್ಯಾಲಿಫೋರ್ನಿಯಾ. 2004ರ ನವೆಂಬರಿನಲ್ಲಿ ಮತದಾರರು 59 ಪ್ರತಿಶತ ಒಪ್ಪಿಗೆ ಕೊಟ್ಟು 300 ಕೋಟಿ ಡಾಲರಿನ ಬಾಂಡ್ ಎತ್ತಲು ಹೂಂ ಅಂದರು. 2020ರಲ್ಲಿ ಇನ್ನೂ 550 ಕೋಟಿ ಕೇಳಿದಾಗ ಒಪ್ಪಿದವರು ಸುಮಾರು 51 ಪ್ರತಿಶತ ಮಾತ್ರ. ಗೆದ್ದಿತು, ಕೂದಲೆಳೆಯಲ್ಲಿ. ಹದಿನಾರು ವರ್ಷ ಕಾದ ಜನ, ಎದ್ದು ನಡೆದವರು ಎಲ್ಲಿ ಎಂದು ಕೇಳಿದರೆ ತಪ್ಪು ಅನ್ನುವಂತಿಲ್ಲ.

ನನಗೆ ಈ ಕಥೆಯಲ್ಲಿ ಕಾಣುವ ಮುಖ್ಯ ವಿಷಯ ಬೇರೆ. ಹಣ ಕೊಡದೆ ಕೈ ತೊಳೆದುಕೊಂಡ ಸರ್ಕಾರ ಲಗಾಮನ್ನೂ ಬಿಟ್ಟುಕೊಟ್ಟಿತು. ಬ್ರಿಟನ್ನಿನ ಜೊತೆ ಹೋಲಿಸಿ ನೋಡಿ. ಅಲ್ಲಿ 1990ರ ಕಾನೂನಿನ ಪ್ರಕಾರ ಭ್ರೂಣದ ಮೇಲೆ ಯಾರೇ ಸಂಶೋಧನೆ ಮಾಡಲಿ ಲೈಸೆನ್ಸ್ ಬೇಕು. ಹಣ ಸರ್ಕಾರದ್ದಾದರೂ ಸರಿ, ಕಂಪನಿಯದ್ದಾದರೂ ಸರಿ. ಹದಿನಾಲ್ಕು ದಿನ ದಾಟಿ ಬೆಳೆಸಿದರೆ ಅಪರಾಧ. ಮಾಡಬಹುದು, ಆದರೆ ನಮ್ಮ ಕಣ್ಣೆದುರು ಮಾಡು ಅನ್ನುವ ರೀತಿ. ಅಮೆರಿಕದ್ದು ಇದರ ತಿರುಗುಮುರುಗು. 1980ರಲ್ಲೇ ಐವಿಎಫ್ ಸಂಶೋಧನೆಯನ್ನು ಪರಿಶೀಲಿಸಬೇಕಿದ್ದ ನೀತಿ ಮಂಡಳಿಯನ್ನು ಹಾಗೇ ಅಳಿಯಲು ಬಿಟ್ಟರು. ಮಂಡಳಿ ಇಲ್ಲದ್ದರಿಂದ ಅನುದಾನ ಇಲ್ಲ. ಅನುದಾನ ಇಲ್ಲದ್ದರಿಂದ ಕೇಂದ್ರದ ಷರತ್ತೂ ಇಲ್ಲ. ಐವಿಎಫ್ ಪೂರ್ತಿ ಖಾಸಗಿ ಕ್ಲಿನಿಕ್ಕುಗಳ ಕೈಯಲ್ಲಿ ಬೆಳೆಯಿತು. ಆ 4 ಲಕ್ಷ ಭ್ರೂಣಗಳು ಫ್ರೀಜರ್ ಸೇರಿದ್ದು ಅಲ್ಲಿಯೇ. ಭ್ರೂಣವನ್ನು ಕಾಪಾಡಬೇಕು ಅನ್ನುವವರು ಐವಿಎಫ್ ಬಿಟ್ಟು ಸಂಶೋಧನೆಯ ಬೆನ್ನು ಹತ್ತಿದ್ದರಲ್ಲಿ ನನಗೆ ರಾಜಕೀಯದ ಲೆಕ್ಕ ಕಾಣುತ್ತದೆ. ಮಕ್ಕಳಾಗದ ದಂಪತಿಯನ್ನು ಎದುರು ಹಾಕಿಕೊಂಡರೆ ವೋಟು ಬೀಳುವುದಿಲ್ಲ.

ಆ ಲೆಕ್ಕ ಎಷ್ಟು ಗಟ್ಟಿ ಎಂದು 2024ರಲ್ಲಿ ಗೊತ್ತಾಯಿತು. ಫೆಬ್ರವರಿಯಲ್ಲಿ ಅಲಬಾಮಾದ ಸುಪ್ರೀಂ ಕೋರ್ಟು ಫ್ರೀಜರಿನ ಭ್ರೂಣವೂ ಕಾನೂನಿನ ಪ್ರಕಾರ ಮಗುವೇ ಎಂದು ತೀರ್ಪು ಕೊಟ್ಟಿತು. ಕೇಸು ಶುರುವಾದದ್ದು ಆಸ್ಪತ್ರೆಯೊಂದರಲ್ಲಿ ಯಾರೋ ಭ್ರೂಣದ ಡಬ್ಬಿಗೆ ಕೈ ಹಾಕಿ, ಚಳಿಗೆ ಕೈ ಸುಟ್ಟು, ಕೆಳಗೆ ಬೀಳಿಸಿದ್ದರಿಂದ. ಕೆಲವು ಕ್ಲಿನಿಕ್ಕುಗಳು ಹೆದರಿ ಐವಿಎಫ್ ನಿಲ್ಲಿಸಿದವು. ಮೂರು ವಾರದೊಳಗೆ ಅದೇ ರಾಜ್ಯದ ಅದೇ ಸಂಪ್ರದಾಯವಾದಿ ಶಾಸಕರು ಓಡೋಡಿ ಬಂದು ಕ್ಲಿನಿಕ್ಕುಗಳಿಗೆ ರಕ್ಷಣೆ ಕೊಡುವ ಕಾನೂನು ಮಾಡಿದರು.

ಲಗಾಮು ಹಣದ ಜೊತೆಗೇ ಬರುತ್ತದೆ ಎಂಬುದಕ್ಕೆ ಒಬಾಮ ಕಾಲದ ಉದಾಹರಣೆ ಇದೆ. 2009ರ ಮಾರ್ಚ್ 9ರಂದು ಅವರು ಬುಷ್ ಗಡುವನ್ನು ತೆಗೆದುಹಾಕಿದರು. ಜುಲೈಯಲ್ಲಿ ಎನ್‌ಐಎಚ್ ನಿಯಮ ಬಂತು. ಭ್ರೂಣ ಮಕ್ಕಳಿಗಾಗಿಯೇ ಮಾಡಿದ್ದಾಗಿರಬೇಕು, ದಂಪತಿಗೆ ಇನ್ನು ಬೇಡವಾಗಿರಬೇಕು, ಬರೆದುಕೊಟ್ಟ ಒಪ್ಪಿಗೆ ಇರಬೇಕು, ಒಂದು ಪೈಸೆಯೂ ಕೊಟ್ಟಿರಬಾರದು. ಅನುದಾನ ಬೇಕಾದವರೆಲ್ಲ ಒಪ್ಪಿಗೆ ಪತ್ರ ಹುಡುಕಿಕೊಂಡು ಬಂದರು. ಇವತ್ತು ಆ ಪಟ್ಟಿಯಲ್ಲಿ ನಾನೂರಕ್ಕೂ ಹೆಚ್ಚು ಲೈನುಗಳಿವೆ. ಬುಷ್ ಕಾಲದಲ್ಲಿ ಖಾಸಗಿ ಲ್ಯಾಬುಗಳಿಗೆ ಇಂಥ ಕಾಗದ ತೋರಿಸು ಎಂದು ಕೇಳುವ ಕೇಂದ್ರದ ಅಧಿಕಾರಿಯೇ ಇರಲಿಲ್ಲ.

ಆದರೂ ಡಿಕಿ-ವಿಕರ್ ಷರತ್ತು ಅಲ್ಲೇ ಇತ್ತಲ್ಲ. ಭ್ರೂಣ ಬಳಸದೆ ವಯಸ್ಕರ ಸ್ಟೆಮ್ ಸೆಲ್ ಮೇಲೆ ಕೆಲಸ ಮಾಡುವ ಇಬ್ಬರು ವಿಜ್ಞಾನಿಗಳು, ಇದರಿಂದ ನಮಗೆ ಬರಬೇಕಾದ ಅನುದಾನಕ್ಕೆ ಪೈಪೋಟಿ ಆಗುತ್ತದೆ ಎಂದು ಕೋರ್ಟಿಗೆ ಹೋದರು. 2010ರ ಆಗಸ್ಟ್ 23ರಂದು ನ್ಯಾಯಾಧೀಶ ರಾಯ್ಸ್ ಲ್ಯಾಂಬರ್ತ್ ತಡೆಯಾಜ್ಞೆ ಕೊಟ್ಟೇಬಿಟ್ಟರು. ಎನ್‌ಐಎಚ್‌ನ ಸ್ವಂತ ಲ್ಯಾಬುಗಳಲ್ಲಿ ನಡೆಯುತ್ತಿದ್ದ ಕೆಲಸ ಅಲ್ಲಲ್ಲೇ ನಿಂತಿತು, ಹೊಸ ಅನುದಾನವೂ ನಿಂತಿತು. ಎರಡೂವರೆ ವಾರದಲ್ಲಿ ಮೇಲಿನ ಕೋರ್ಟು ಆ ಆಜ್ಞೆಯನ್ನು ತಡೆಹಿಡಿಯಿತು. 2011ರ ಏಪ್ರಿಲಿನಲ್ಲಿ ಅದರ ಮೂವರಲ್ಲಿ ಇಬ್ಬರು ನ್ಯಾಯಾಧೀಶರು ತಡೆಯಾಜ್ಞೆಯನ್ನು ರದ್ದು ಮಾಡಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು ಶುದ್ಧ ವ್ಯಾಕರಣದ್ದು. ಷರತ್ತಿನ ಮಾತು ವರ್ತಮಾನ ಕಾಲದಲ್ಲಿದೆ. ಭ್ರೂಣ ನಾಶವಾಗುವ ಸಂಶೋಧನೆ ಅನ್ನುತ್ತದೆಯೇ ಹೊರತು ನಾಶವಾದ ಅನ್ನುವುದಿಲ್ಲ. ಹಿಂದೆಂದೋ ಆದದ್ದಕ್ಕೆ ಅದು ತಗಲುವುದಿಲ್ಲ. ಮೂರನೆಯ ನ್ಯಾಯಾಧೀಶೆ ಇದನ್ನು ಮಾತಿನ ಜುಜಿತ್ಸು, ಅಂದರೆ ಮಾತಿನಲ್ಲಿ ಹಾಕಿದ ಜಪಾನಿ ಕುಸ್ತಿಯ ಪಟ್ಟು, ಎಂದು ಅಣಕಿಸಿದರು. ಕ್ರಿಯಾಪದದ ಕಾಲ ನೋಡಿ ಕೋಟಿಗಟ್ಟಲೆ ಡಾಲರಿನ ಹಣೆಬರಹ ಬರೆದದ್ದು ನೋಡಿದರೆ ನಮ್ಮ ಹೈಸ್ಕೂಲಿನ ವ್ಯಾಕರಣದ ಮೇಷ್ಟ್ರಿಗೆ ಖುಷಿಯಾಗುತ್ತಿತ್ತು.

ಇಷ್ಟೆಲ್ಲದರ ನಡುವೆ ಜಪಾನಿನ ಶಿನ್ಯ ಯಮನಾಕ ಜಗಳದ ಬುಡಕ್ಕೇ ಕೈ ಹಾಕಿದ್ದರು. ಗೆಳೆಯರೊಬ್ಬರ ಐವಿಎಫ್ ಕ್ಲಿನಿಕ್ಕಿನಲ್ಲಿ ಮೈಕ್ರೋಸ್ಕೋಪಿನಡಿ ಭ್ರೂಣ ನೋಡಿದಾಗ, ಇದಕ್ಕೂ ನನ್ನ ಹೆಣ್ಣುಮಕ್ಕಳಿಗೂ ಎಷ್ಟು ಕಡಿಮೆ ವ್ಯತ್ಯಾಸ ಅನ್ನಿಸಿತಂತೆ. ಬೇರೆ ದಾರಿ ಹುಡುಕಿದರು. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಕ್ಕೆ ನಾಲ್ಕು ಜೀನು ಸೇರಿಸಿ ಅದನ್ನು ಭ್ರೂಣದ ಸ್ಟೆಮ್ ಸೆಲ್ಲಿನ ಹಾಗೆ ಹಿಂದಕ್ಕೆ ತಿರುಗಿಸಿದರು. 2012ರಲ್ಲಿ ನೊಬೆಲ್ ಬಂತು. ಇನ್ನು ಭ್ರೂಣ ಯಾಕೆ ಬೇಕು ಎಂದು ವಿರೋಧಿಗಳು ಕೇಳಿದರು, ಈಗಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದನ್ನು ಮಾತ್ರ ಅವರು ಹೇಳುವುದಿಲ್ಲ. ಆ ನಾಲ್ಕು ಜೀನುಗಳನ್ನು ಆರಿಸಿದ 24ರ ಪಟ್ಟಿ ತಯಾರಾದದ್ದು ಭ್ರೂಣದ ಸ್ಟೆಮ್ ಸೆಲ್ಲಿನ ಅಧ್ಯಯನದಿಂದ. ಹೊಸ ಕೋಶ ಸರಿಯಾಗಿದೆಯೇ ಎಂದು ಪಕ್ಕದಲ್ಲಿಟ್ಟು ತಾಳೆ ನೋಡಿದ್ದೂ ಅದರ ಜೊತೆಗೇ.

2025ರ ಏಪ್ರಿಲಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಎರಡು ಪ್ರಯೋಗಗಳ ವರದಿ ಒಟ್ಟಿಗೆ ಬಂದವು. ಕ್ಯೋಟೋದವರು ಯಮನಾಕ ದಾರಿ ಹಿಡಿದಿದ್ದರು. ಅಮೆರಿಕ-ಕೆನಡಾದವರು 12 ರೋಗಿಗಳ ಮೆದುಳಿಗೆ ಭ್ರೂಣದ ಸ್ಟೆಮ್ ಸೆಲ್ಲಿನಿಂದ ಬೆಳೆಸಿದ ನರಕೋಶ ಹಾಕಿದ್ದರು. ಅಪಾಯ ಇಲ್ಲವೇ ಎಂದು ನೋಡುವ ಸಣ್ಣ ಪ್ರಯೋಗ ಅದು. ಅದರಲ್ಲಿ ತೇರ್ಗಡೆಯಾಗಿ ಈಗ ಮುಂದಿನ ದೊಡ್ಡ ಹಂತಕ್ಕೆ ಹೋಗಿದೆ. ಅದರ ಮೂಲ ಲೈನಿನ ಹೆಸರು ಎಚ್9. 1998ರಲ್ಲಿ ಥಾಮ್ಸನ್ ಮ್ಯಾಡಿಸನ್ನಿನ ಆ ಬೇರೆ ಲ್ಯಾಬಿನಲ್ಲಿ ಹಾಕಿದ ಹೆಪ್ಪು. ಖಾಸಗಿ ಹಣದಲ್ಲಿ ಹುಟ್ಟಿ, ಬುಷ್ ಪಟ್ಟಿಯಲ್ಲಿ ಸೇರಿ ಕೇಂದ್ರದ ಹಣಕ್ಕೆ ಅರ್ಹವಾಗಿ, ಪಾರ್ಕಿನ್ಸನ್ ಚಿಕಿತ್ಸೆಯಾಗುವ ದಾರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಹಣ ಪಡೆದು, ಈಗ ಔಷಧ ಕಂಪನಿಯೊಂದರ ಕೈಯಲ್ಲಿದೆ. ಎರಡು ಮೈಕ್ರೋಸ್ಕೋಪ್ ಇಟ್ಟು ಬೇರೆ ಮಾಡಿದ್ದ ಕಾಸುಗಳೆಲ್ಲ ಒಂದೇ ಡಬ್ಬಿಯಲ್ಲಿ ಸೇರಿಹೋಗಿವೆ.

ನಮ್ಮಲ್ಲಿ ಈ ಜಗಳವೇ ಆಗಲಿಲ್ಲ. ಎನ್‌ಸಿಬಿಎಸ್‌ನಿಂದ ಸ್ವಲ್ಪ ದೂರದ ಜಕ್ಕೂರಿನಲ್ಲಿ, ಕೇಂದ್ರದ ಹಣದಲ್ಲಿ ನಡೆಯುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಮನೀಷಾ ಇನಾಮದಾರ್ ಅವರ ತಂಡ ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಎಂಬ ಎರಡು ಲೈನುಗಳನ್ನು ತೆಗೆದು 2009ರಲ್ಲಿ ಪ್ರಕಟಿಸಿತು. ಗರ್ಭಕ್ಕೆ ಹಾಕಲು ಯೋಗ್ಯವಲ್ಲ ಎಂದು ಬಿಟ್ಟ ಭ್ರೂಣಗಳಿಂದ ಬಂದ ಅಕ್ಕತಂಗಿ ಲೈನುಗಳು ಅವು. ಭ್ರೂಣದಿಂದ ಕೋಶ ತೆಗೆಯುವ ಕೆಲಸಕ್ಕೆ ಅಮೆರಿಕದ ಕೇಂದ್ರ ಸರ್ಕಾರ ಇವತ್ತಿಗೂ ಹಣ ಕೊಡುವಂತಿಲ್ಲ. ಇಲ್ಲಿ ಅದು ಸದ್ದಿಲ್ಲದೆ ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಇದೆ, ಹದಿನಾಲ್ಕು ದಿನದ ಮಿತಿ ಇದೆ, ಒಪ್ಪಿಗೆ ಬೇಕು ಎಂಬ ನಿಯಮವಿದೆ. ಸಂಸತ್ತಿನಲ್ಲಿ ರಾತ್ರಿಯೆಲ್ಲ ಕೂತು ಯಾರೂ ಜಗಳವಾಡಲಿಲ್ಲ. ಸಂಶೋಧಕರಿಗೆ ಅನುಕೂಲವೇ ಆಯಿತು. ಆದರೆ ಭ್ರೂಣ ಯಾರ ಮೈಯಿಂದ ಬಂತೋ ಅವರನ್ನು ನಾವು ಏನು ಕೇಳಿದ್ದೇವೆ, ಏನು ತಿಳಿಸಿ ಹೇಳಿದ್ದೇವೆ ಎಂಬ ಮಾತೂ ಎದ್ದಿಲ್ಲ.

ಅದು ಏಳುವ ಕಾಲ ದೂರವಿಲ್ಲ. 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ಭ್ರೂಣವನ್ನು ಫ್ರೀಜರಿನಲ್ಲಿಡಬಹುದಾದದ್ದು ಹತ್ತು ವರ್ಷ. ಆಮೇಲೆ ಒಂದೋ ಅದನ್ನು ಅಳಿಯಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ಸಂಶೋಧನೆಗೆ ಕೊಡಬೇಕು. ಕಾಯ್ದೆ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಆ ವರ್ಷ ಫ್ರೀಜರ್ ಸೇರಿದ ಭ್ರೂಣಗಳಿಗೆ ಹತ್ತು ತುಂಬುವುದು 2032ಕ್ಕೆ. ಆ ಹೊತ್ತಿಗೆ ಶಾಲೆಗೆ ಹೋಗುವ ಮಗುವಿರುವ ಎಷ್ಟೋ ಮನೆಗಳಿಗೆ ಕ್ಲಿನಿಕ್ಕಿನಿಂದ ಫೋನ್ ಬರುತ್ತದೆ: ಇನ್ನೂ ಮೂರು ಉಳಿದಿವೆ, ಏನು ಮಾಡೋಣ ಮೇಡಂ?